ವಾಲ್ವಣ್ಣ ಊರಿಗೆ ಇಂಟರ್ನೆಟ್ ಬಿಟ್ಟದ್ದು

ವಾಲ್ವಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಊರಿಗೆ ನೀರು ಬಿಡುವ ಕೆಲಸಕ್ಕೆ ಅವನು ಸೇರಿದ ಮೇಲೆ ಅದನ್ನು ಯಾರೂ ಬಳಸದೆ, ಬೇಡದ ಪಾತ್ರೆಯ ಹಾಗೆ ಅದು ಅಟ್ಟ ಸೇರಿಬಿಟ್ಟಿತು. ಹೆಂಡತಿ "ರೀ" ಎನ್ನುತ್ತಿದ್ದಳು, ಮಗಳು "ಅಪ್ಪಾ" ಎನ್ನುತ್ತಿದ್ದಳು, ಮಿಕ್ಕವರಿಗೆಲ್ಲ ಅವನು ವಾಲ್ವಣ್ಣ.

ಆ ಊರಿಗೆ ನಾಲ್ಕು ಬೀದಿ. ಮೇಲಿನ ಬೀದಿ, ಅಂಗಡಿ ಬೀದಿ, ಶಾಲೆ ಬೀದಿ, ಕೊನೆ ಬೀದಿ. ಟ್ಯಾಂಕಿನ ನೀರನ್ನು ನಾಲ್ಕಕ್ಕೂ ಒಟ್ಟಿಗೆ ಬಿಟ್ಟರೆ ಮೇಲಿನ ಬೀದಿಯವರೇ ಎಲ್ಲವನ್ನೂ ಹಿಡಿದುಕೊಂಡು, ಕೊನೆ ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ ಬುಸುಗುಟ್ಟುತ್ತಿತ್ತು. ಅದಕ್ಕೇ ಸರದಿ. ವಾಲ್ವಣ್ಣ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು, ಕೊರಳಲ್ಲಿ ವಿಷಲ್ ನೇತುಹಾಕಿಕೊಂಡು ಹೊರಟನೆಂದರೆ, ಯಾವ ಬೀದಿಯ ತಿರುವಿನಲ್ಲಿ ವಾಲ್ವ್ ತಿರುಗಿಸಲು ಬಗ್ಗುತ್ತಾನೋ ಆ ಬೀದಿಗೆ ಅವತ್ತು ಜೀವ ಬರುತ್ತಿತ್ತು. ಅವನ ಸ್ವಂತ ಮನೆ ಇದ್ದದ್ದು ಕೊನೆ ಬೀದಿಯಲ್ಲಿ, ಅದೂ ಕೊನೆಯಲ್ಲಿ. ಹಾಗಿದ್ದೂ ಇಷ್ಟು ವರ್ಷದಲ್ಲಿ ಒಂದು ತಂಬಿಗೆ ನೀರನ್ನೂ ಅವನು ಸರದಿ ತಪ್ಪಿಸಿ ತನ್ನ ಮನೆಗೆ ಬಿಟ್ಟುಕೊಂಡವನಲ್ಲ. ಈ ಪ್ರಾಮಾಣಿಕತೆಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಅದರ ತೊಂದರೆಯನ್ನೆಲ್ಲ ಅನುಭವಿಸುತ್ತಿದ್ದವಳು ಹೆಂಡತಿಯಾದ್ದರಿಂದ, ಹೆಮ್ಮೆಪಡುವುದಕ್ಕೆ ಅವನಿಗೆ ಬೇಕಾದಷ್ಟು ಪುರುಸೊತ್ತೂ ಇತ್ತು.

ಇಂಥ ಮನುಷ್ಯನ ನೆಮ್ಮದಿಗೆ ಕಲ್ಲು ಹಾಕುತ್ತಿದ್ದವರು ಒಬ್ಬರೇ, ಅವನ ಬೀಗರು. ಮಗಳ ಮಾವ. ಅವರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರ ಹತ್ತಿರವೂ ಒಂದು ವಿಷಲ್ ಇತ್ತು. ಮದುವೆಯ ಮಾತುಕತೆಯ ದಿನವೇ ಅವರು ವಾಲ್ವಣ್ಣನ ಕೊರಳನ್ನು ನೋಡಿ, "ನಿಮ್ಮ ವಿಷಲ್‌ಗೆ ಏನು ಬರುತ್ತೆ ಬೀಗರೇ?" ಎಂದು ಕೇಳಿದ್ದರು.

"ನೀರು ಬರುತ್ತೆ."

"ಓ. ನಮ್ಮದಕ್ಕೆ ರೈಲು ಹೊರಡ್ತಿತ್ತು," ಎಂದು ಅವರು ಎಲ್ಲರ ಎದುರಿಗೆ ಹೇಳಿ ಟೀ ಕುಡಿದರು. ಆ ಮಾತನ್ನು ವಾಲ್ವಣ್ಣ ಮರೆಯಲಿಲ್ಲ.

ಹೀಗಿರುವಾಗ ಊರಿಗೆ ಇಂಟರ್ನೆಟ್ ಬಂತು. ಅದುವರೆಗೂ ಆ ಊರಿನ ಫೋನುಗಳಲ್ಲಿ ಮಾತು ಕೇಳಿಸುವಷ್ಟು ಸಿಗ್ನಲ್ ಇತ್ತು, ಮುಖ ಕಾಣಿಸುವಷ್ಟು ಇರಲಿಲ್ಲ. ಒಂದು ದಿನ ಜೀಪು, ಅಗೆಯುವ ಯಂತ್ರ ಮತ್ತು ದೊಡ್ಡ ಗಾಲಿಯಂಥದಕ್ಕೆ ಸುತ್ತಿದ ಕಪ್ಪು ಕೇಬಲ್ ಬಂದವು. ಎಲ್ಲಕ್ಕೂ ಮುಂದೆ ಹಳದಿ ಹೆಲ್ಮೆಟ್ ಹಾಕಿಕೊಂಡ ಒಬ್ಬ ಇಂಜಿನಿಯರಮ್ಮ ಬಂದರು. ಕೇಬಲ್ಲು ನೀರಿನ ಪೈಪಿನ ಪಕ್ಕದಲ್ಲೇ ಮಣ್ಣಿಗಿಳಿಯಿತು. ವಾಲ್ವಣ್ಣ ತನ್ನ ಪೈಪನ್ನು ಕಾಯಲು ಹೋಗಿ ಉದ್ದಕ್ಕೂ ಜೊತೆಯಲ್ಲೇ ನಡೆದ.

"ಇಂಟರ್ನೆಟ್ಟಿನ ಪೆಟ್ಟಿಗೆಗೆ ಒಂದು ಭದ್ರವಾದ ರೂಮು ಬೇಕು," ಎಂದರು ಇಂಜಿನಿಯರಮ್ಮ. "ಕರೆಂಟ್ ಇರಬೇಕು, ಬೀಗ ಇರಬೇಕು."

ಅಂಥ ರೂಮು ಊರಿಗೆ ಒಂದೇ. ಮೇಲಿನ ಬೀದಿಯ ತಲೆಯಲ್ಲಿರುವ ಪಂಪ್‌ಹೌಸು. ಮೋಟರು, ಸ್ಟಾರ್ಟರಿನ ಡಬ್ಬ, ಗ್ರೀಸಿನ ವಾಸನೆ, ಒಂದು ಮೂರುಕಾಲಿನ ಸ್ಟೂಲು. ಪೆಟ್ಟಿಗೆಯನ್ನು ಅಲ್ಲೇ ಗೋಡೆಗೆ ಹೊಡೆದರು. ಅದರಿಂದ ನಾಲ್ಕು ತಂತಿ ಹೊರಟು ಬೀದಿಗೊಂದರಂತೆ ಹೋದವು.

"ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ತಿರ ಮೇಡಂ."

"ಹಾಗಾದ್ರೆ ನೀವೇ ನೋಡ್ಕೊಳ್ಳಿ."

ಆಗಾಗ ಧೂಳು ಒರೆಸಿ ಎಂಬ ಅರ್ಥದಲ್ಲಿ ಅವರು ಹೇಳಿದ್ದು. ವಾಲ್ವಣ್ಣ ಅದನ್ನು ನೇಮಕದ ಆದೇಶವೆಂದೇ ತಿಳಿದ. ನೇಮಕವಾದ ಮೇಲೆ ಜವಾಬ್ದಾರಿಯಿಂದ ಒಂದು ಪ್ರಶ್ನೆ ಕೇಳಬೇಕಲ್ಲ, ಕೇಳಿದ.

"ಮೇಡಂ, ನಾಲ್ಕು ಬೀದಿಗೂ ಒಂದೇ ಸಲ ಬಿಟ್ಟರೆ ಕೊನೇ ಮನೆ ತನಕ ಹೋಗುತ್ತಾ?"

"ಹೋಗುತ್ತೆ. ಊರಿಗೆ ಊರೇ ಕೂತು ಸಿನಿಮಾ ನೋಡಿದ್ರೆ ಸ್ವಲ್ಪ ನಿಧಾನ ಆಗಬಹುದು, ಅಷ್ಟೇ."

ಆಚೆ ಜೀಪಿನವನು ಹಾರನ್ ಒತ್ತುತ್ತಿದ್ದ. ಇಂಜಿನಿಯರಮ್ಮ ಇನ್ನೂ ಏನೇನೋ ಹೇಳುತ್ತ ಹೊರಟರು. ಅದು ಯಾವುದೂ ವಾಲ್ವಣ್ಣನ ಕಿವಿಗೆ ಬೀಳಲಿಲ್ಲ. "ಸ್ವಲ್ಪ ನಿಧಾನ ಆಗಬಹುದು" ಎಂಬುದರ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟ್ಯಾಂಕು ಕಟ್ಟಿಸಿದ ಇಂಜಿನಿಯರೂ ಇದೇ ಮಾತು ಹೇಳಿ ಜೀಪು ಹತ್ತಿದ್ದ. ಆ ಬೇಸಿಗೆಯಲ್ಲಿ ಕೊನೆ ಬೀದಿಗೆ ಒಂದು ತೊಟ್ಟು ನೀರು ಬರದೆ, ಬಿಂದಿಗೆಗಳು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರಾಡಿದ್ದವು. ವಾಲ್ವಣ್ಣ ಪಂಪ್‌ಹೌಸಿನ ಬಾಗಿಲು ಹಾಕಿಕೊಂಡು, ನಾಲ್ಕರಲ್ಲಿ ಮೂರು ತಂತಿಗಳನ್ನು ಕಿತ್ತು ಗೋಡೆಯ ಮೊಳೆಗೆ ನೇತುಹಾಕಿದ.

ಅವತ್ತು ಸಂಜೆಯೇ ಬೀಗರಿಗೆ ಫೋನು ಹೋಯಿತು.

"ಊರಿನ ಇಂಟರ್ನೆಟ್ಟು ನನ್ನ ಕೈಗೆ ಕೊಟ್ಟಿದಾರೆ ಬೀಗರೇ. ಇನ್ನು ಮೇಲೆ ನಾನು ಬಿಟ್ಟರೆ ಉಂಟು."

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ರೈಲು ನಿಂತ ಸದ್ದು ಅದು ಎಂದು ವಾಲ್ವಣ್ಣ ಸಂತೋಷಪಟ್ಟ.

ಮರುದಿನ ಬೆಳಿಗ್ಗೆ ಅವನು ಪೆಟ್ಟಿಗೆಯ ಮುಂದೆ ಚಪ್ಪಲಿ ಬಿಟ್ಟು ನಿಂತು, ಮೇಲಿನ ಬೀದಿಯ ತಂತಿಯನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿ, ಹಸಿರು ದೀಪ ಪಿಳಿಪಿಳಿ ಎಂದದ್ದನ್ನು ನೋಡಿ ಹೊರಗೆ ಬಂದು ವಿಷಲ್ ಊದಿದ. ಮೇಲಿನ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು.

"ನೀರಲ್ಲ. ಇಂಟರ್ನೆಟ್ಟು," ಎಂದ ವಾಲ್ವಣ್ಣ.

"ಮೊದಲೇ ಹೇಳೋದಲ್ವಾ," ಎಂದು ಅವರು ಒಳಗೆ ಹೋಗಿ, ಬಿಂದಿಗೆ ಇಟ್ಟು, ಫೋನು ಹಿಡಿದು ಮತ್ತೆ ಓಡಿಬಂದರು. ಮನೆಮನೆಗೂ ಒಂದೊಂದು ಸಣ್ಣ ಡಬ್ಬ ಕೊಟ್ಟಿದ್ದರು. ಅದು ಗೋಡೆಯೊಳಗೇ ಕೆಲಸ ಮಾಡುತ್ತಿತ್ತು, ಬೀದಿಗೆ ಬಂದರೆ ಏನೂ ಸಿಗುತ್ತಿರಲಿಲ್ಲ. ಆದರೆ ವಿಷಲ್ ಕೇಳಿಸಿದ ಮೇಲೆ ಒಳಗೆ ಕೂತಿರುವುದು ಆ ಊರಿನ ಕಾಲುಗಳಿಗೆ ಗೊತ್ತಿರಲಿಲ್ಲ. ಅವರು ಇನ್ನೊಮ್ಮೆ ಒಳಗೆ ಓಡಿದರು.

ಹೀಗೆ ಸರದಿ ಶುರುವಾಯಿತು. ಬೆಳಿಗ್ಗೆ ಮೇಲಿನ ಬೀದಿ, ಆಮೇಲೆ ಅಂಗಡಿ ಬೀದಿ, ಮಧ್ಯಾಹ್ನ ಶಾಲೆ ಬೀದಿ, ಸಂಜೆ ಕೊನೆ ಬೀದಿ. ಯಾರೂ ತಕರಾರು ಮಾಡಲಿಲ್ಲ. ಬರುವಂಥದ್ದು ಏನೇ ಆದರೂ ಸರದಿಯ ಮೇಲೆ ಬರಬೇಕು ಎಂದು ಅವರು ಹುಟ್ಟಿದಂದಿನಿಂದ ನೋಡಿದವರು. ದೂರದ ಪಟ್ಟಣದಲ್ಲಿದ್ದ ಮಗಳು ಮಾತ್ರ ಫೋನಿನಲ್ಲಿ, "ಅಪ್ಪಾ, ಇಲ್ಲಿ ಯಾವಾಗಲೂ ಬರುತ್ತಪ್ಪಾ," ಎಂದಳು.

"ಅಲ್ಲಿ ನೀರೂ ಯಾವಾಗಲೂ ಬರುತ್ತಮ್ಮ," ಎಂದ ವಾಲ್ವಣ್ಣ.

ಸರದಿ ಎಂದ ಮೇಲೆ ತುಂಬಿಸಿಟ್ಟುಕೊಳ್ಳುವುದೂ ಇದ್ದದ್ದೇ. ನಾಳೆ ಪೆಟ್ಟಿಗೆ ಕೆಟ್ಟರೆ, ಕರೆಂಟು ಹೋದರೆ, ವಾಲ್ವಣ್ಣನಿಗೆ ಜ್ವರ ಬಂದರೆ? ವಿಷಲ್ ಕೇಳಿಸಿದ ಕೂಡಲೇ ಬೀದಿಗೆ ಬೀದಿಯೇ ಸಿಕ್ಕಿದ್ದನ್ನೆಲ್ಲ ಫೋನಿಗೆ ಇಳಿಸಿಕೊಳ್ಳುತ್ತಿತ್ತು. ಅಂಗಡಿಯವನು ತನಗೆ ಒಂದು ಅಕ್ಷರವೂ ಗೊತ್ತಿಲ್ಲದ ಭಾಷೆಯ ಸಿನಿಮಾಗಳನ್ನು ತುಂಬಿಸಿಕೊಂಡ. ಅವನ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಜಗತ್ತಿನ ಎಲ್ಲ ಊರುಗಳ ಹವಾಮಾನ ತುಂಬಿಸಿದರು. ತಮ್ಮ ಊರಿನದನ್ನು ಬಿಟ್ಟರು, ಅದು ಕಿಟಕಿಯಲ್ಲಿ ಕಾಣುತ್ತದೆಂದು. ಕ್ಷೌರದಂಗಡಿಯವನು ವಿಮಾನ ಇಳಿಸುವ ಪಾಠಗಳನ್ನು ತುಂಬಿಸಿದ. "ಯಾಕಪ್ಪ?" ಎಂದರೆ, "ಬರ್ತಿತ್ತು, ಸುಮ್ಮನೆ ಯಾಕೆ ಬಿಡೋದು ಅಂತ," ಎಂದ. ಫೋನುಗಳೆಲ್ಲ ತುಂಬಿ ತುಳುಕಿ, "ನಿಮ್ಮದರಲ್ಲಿ ಸ್ವಲ್ಪ ಜಾಗ ಇದೆಯಾ, ಒಂದು ಸಿನಿಮಾ ಇಟ್ಟಿರ್ತೀನಿ, ನಾಡಿದ್ದು ತಗೊಂಡು ಹೋಗ್ತೀನಿ," ಎಂದು ಜನ ನೆರೆಮನೆಯ ಬಾಗಿಲು ತಟ್ಟಿದರು.

ಸರದಿ ಎಂದ ಮೇಲೆ ದೂರುಗಳೂ ಇದ್ದದ್ದೇ. ಮೊದಲ ದೂರು ಕೊನೆ ಬೀದಿಯ ಮೂಲೆಮನೆ ಅಜ್ಜಿಯದು.

"ಮೇಲಿನ ಬೀದಿಯೋರು ನೋಡಿ ಬಿಟ್ಟಿದ್ದೇ ನಮಗೆ ಬರ್ತಿದೆ ಕಣಪ್ಪ."

"ಅದು ಹೇಗೆ ಹೇಳ್ತೀಯ ಅಜ್ಜಿ?"

"ನಿನ್ನೆ ಬೆಳಿಗ್ಗೆ ಆ ಬೀದಿ ಸೊಸೆ ಒಬ್ಬಳು ಒಂದು ಸಿನಿಮಾ ಕಥೆ ಪೂರ್ತಿ ಹೇಳಿದಳು. ಸಂಜೆ ನಮ್ಮನೇಲಿ ಹಾಕಿದರೆ ಅದೇ ಕಥೆ. ಸಾಯೋನೂ ಅವನೇ, ಸಾಯಿಸೋನೂ ಅವನೇ."

ಸಾಕ್ಷಿ ಗಟ್ಟಿಯಾಗಿತ್ತು. ನೀರಾಗಿದ್ದರೆ ಪೈಪಿನಲ್ಲಿ ನಿಂತಿದ್ದದ್ದು ಮೊದಲು ಬರುತ್ತದೆ, ಅದನ್ನು ಚೆಲ್ಲಿ ಆಮೇಲೆ ಹಿಡಿಯಬೇಕು. ವಾಲ್ವಣ್ಣ ಕೊನೆ ಬೀದಿಯವರಿಗೆ ಅಪ್ಪಣೆ ಮಾಡಿದ. ಅಂದಿನಿಂದ ಸಂಜೆಯ ವಿಷಲ್ ಆದ ಕೂಡಲೇ ಆ ಬೀದಿಯಲ್ಲಿ ಎಲ್ಲರೂ ಫೋನುಗಳನ್ನು ನೆಲದ ಮೇಲೆ ಬೋರಲು ಹಾಕಿ, ಹಳೆಯದು ಹರಿದುಹೋಗಲೆಂದು ಸುತ್ತ ಕೂತು ಕಾಯತೊಡಗಿದರು. ಅಜ್ಜಿ ತನ್ನದನ್ನು ಬಚ್ಚಲಿನ ಹತ್ತಿರ ಇಡುತ್ತಿದ್ದಳು, ಹರಿಯಲು ಅನುಕೂಲವೆಂದು.

ಎರಡನೆಯ ದೂರು ಗುಮಾಸ್ತರಿಂದ ಬಂತು. ಅದು ಗಂಭೀರವಾದದ್ದು.

"ಅಂಗಡಿಯವನ ಫೋನಲ್ಲಿ ಸಿನಿಮಾ ನಿಲ್ಲದೆ ಓಡುತ್ತೆ. ನನ್ನದರಲ್ಲಿ ಗಾಲಿ ಸುತ್ತುತ್ತೆ. ಅವನು ಮೋಟರ್ ಹಾಕಿದಾನೆ ವಾಲ್ವಣ್ಣ."

ನಲ್ಲಿಗೆ ಕಳ್ಳತನದಲ್ಲಿ ಮೋಟರ್ ಹಾಕಿ ಪಕ್ಕದವರ ನೀರು ಎಳೆದುಕೊಳ್ಳುವುದು ವಾಲ್ವಣ್ಣನ ರಾಜ್ಯದಲ್ಲಿ ಅತಿ ದೊಡ್ಡ ಅಪರಾಧ. ಅವನು ಕಬ್ಬಿಣದ ಚಾವಿ ಸಮೇತ ಅಂಗಡಿಗೆ ನುಗ್ಗಿದ. ಅಕ್ಕಿ ಮೂಟೆಗಳ ಹಿಂದೆ, ಇಂಟರ್ನೆಟ್ ಡಬ್ಬದ ಎದುರಿಗೆ, ಒಂದು ಟೇಬಲ್ ಫ್ಯಾನು ಜೋರಾಗಿ ತಿರುಗುತ್ತಿತ್ತು.

"ಇದೇನು?"

"ಫ್ಯಾನಣ್ಣ. ಡಬ್ಬ ಬಿಸಿ ಆಗುತ್ತೆ ಅಂತ ಇಟ್ಟೆ."

"ಬಿಸಿ ಆಗುತ್ತೆ ಅಂತಲೋ, ಪಕ್ಕದ ಮನೆಯಿಂದ ಎಳೆಯೋಕಂತಲೋ?"

"ಫ್ಯಾನು ಎಳೆಯಲ್ಲಣ್ಣ. ಊದುತ್ತೆ."

ವಾಲ್ವಣ್ಣ ಫ್ಯಾನಿನ ಮುಂದೆ ಕೈಯಿಟ್ಟು ನೋಡಿದ. ಊದುತ್ತಿದ್ದದ್ದು ನಿಜ. ಅವನು ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟ.

"ಹಾಗಾದರೆ ಈ ಕಡೆಯಿಂದ ಇಡು. ಗುಮಾಸ್ತರ ಮನೆ ಕಡೆಗೆ ಊದಲಿ."

ಮರುದಿನ ಗುಮಾಸ್ತರು ದಾರಿಯಲ್ಲಿ ಸಿಕ್ಕಿ, "ಈಗ ಪರವಾಗಿಲ್ಲ," ಎಂದರು. ವಾಲ್ವಣ್ಣನ ನ್ಯಾಯದ ಖ್ಯಾತಿ ಹಬ್ಬಿತು.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದರೂ ವಾಲ್ವಣ್ಣನ ಸ್ವಂತ ಮನೆಯಲ್ಲಿ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಮಗಳಿಗೆ ಗಂಡುಮಗು ಹುಟ್ಟಿತ್ತು. ಹೆರಿಗೆಗೆ ಮುಂಚೆ ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಅವಳು ಗಂಡನ ಮನೆಯಲ್ಲೇ ಉಳಿದಿದ್ದಳು. ಹೋಗಿ ನೋಡಿಕೊಂಡು ಬರೋಣವೆಂದರೆ ನೀರಿನ ಸರದಿ, ಇಂಟರ್ನೆಟ್ಟಿನ ಸರದಿ, ಎರಡನ್ನೂ ಯಾರ ಕೈಗೆ ಕೊಟ್ಟು ಹೋಗುವುದು? ಹೆಂಡತಿ ಒಬ್ಬಳೇ ಅಷ್ಟು ದೂರ ಹೋದವಳಲ್ಲ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಕಾಣದ ಮಗುವಿನ ಅಳತೆಯನ್ನು ಅಂದಾಜಿಸಿ ಅಂಗಿಗಳನ್ನು ಹೊಲಿದಳು. ಹಳದಿ ಬಾತುಕೋಳಿಗಳಿದ್ದ ಬಟ್ಟೆಯಲ್ಲಿ ಒಂದು ಹೊದಿಕೆ ಮಾಡಿ ಪಾರ್ಸೆಲ್ ಕಳಿಸಿದಳು. ಇನ್ನು ಇಂಟರ್ನೆಟ್ಟಿನಲ್ಲಿ ಮಗುವನ್ನು ನೋಡುವುದೊಂದು ಬಾಕಿಯಿತ್ತು.

ಮಗುವಿಗೆ ಸರದಿ ಗೊತ್ತಿರಲಿಲ್ಲ. ಅದು ಬೆಳಿಗ್ಗೆ ಸ್ನಾನವಾದ ಮೇಲೆ ಕಣ್ಣರಳಿಸಿ ಮಲಗಿ ಲೋಕವನ್ನೆಲ್ಲ ನೋಡುತ್ತಿತ್ತಂತೆ. ಆಗ ಮೇಲಿನ ಬೀದಿಯ ಪಾಳಿ. ಸಂಜೆ ಕೊನೆ ಬೀದಿಗೆ ಬಿಟ್ಟು, ಹಳೆಯದು ಹರಿದುಹೋಗಿ, ಪಟ್ಟಣದ ಮನೆ ಫೋನಿನಲ್ಲಿ ಮೂಡುವ ಹೊತ್ತಿಗೆ, ಮಗು ಗಡದ್ದಾಗಿ ನಿದ್ದೆ ಮಾಡುತ್ತಿತ್ತು. ಎಬ್ಬಿಸಿದರೆ ಎರಡು ಬೀದಿಗೆ ಕೇಳಿಸುವ ಹಾಗೆ ಅಳುತ್ತದೆಂದು ಮಗಳು ಎಬ್ಬಿಸುತ್ತಿರಲಿಲ್ಲ.

"ಮೊಮ್ಮಗನ್ನ ನೋಡಿದ್ರಾ?" ಎಂದು ಮೂಲೆಮನೆ ಅಜ್ಜಿ ಕೇಳಿದಾಗ ಹೆಂಡತಿ ಹೇಳಿದಳು: "ಇಲ್ಲ. ನಾನೇ ಹೊಲಿದು ಕಳಿಸಿದ ಹೊದಿಕೆನ ದಿನಾ ನೋಡ್ತಿದೀನಿ."

"ಫೋಟೋ ಕಳಿಸಿದಾಳಲ್ಲ," ಎಂದ ವಾಲ್ವಣ್ಣ.

"ಫೋಟೋನ ನಾನು ನೋಡಬಹುದು. ಫೋಟೋ ನನ್ನನ್ನ ನೋಡಲ್ಲ. ಅವನು ನನ್ನ ಮುಖ ನೋಡಬೇಕು ರೀ. ಒಂದೇ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಬಿಡಿ."

"ಬೆಳಿಗ್ಗೆ ಮೇಲಿನ ಬೀದಿ."

"ಸ್ವಲ್ಪ ಹೊತ್ತು ಕಣ್ರೀ."

"ನಾನೇ ನನ್ನ ಮನೆಗೆ ಸರದಿ ತಪ್ಪಿಸಿ ಬಿಟ್ಟರೆ ನಾಳೆ ಅಂಗಡಿಯವನ ಫ್ಯಾನು ತಿರುಗಿಸು ಅನ್ನೋಕೆ ನನಗೆ ಬಾಯಿರುತ್ತಾ?"

"ಹಾಗಾದರೆ ಮೇಲಿನ ಬೀದಿಯ ಯಾರ ಮನೆಗಾದರೂ ಹೋಗಿ ಕೂತ್ಕೊಂಡು ನೋಡ್ಲಾ?"

"ಒಂದು ಬಿಂದಿಗೆ ನೀರಿಗೂ ನೀನು ಅವರ ಮನೆ ಬಾಗಿಲಿಗೆ ಹೋದವಳಲ್ಲ. ಈಗ ಹೋಗ್ತೀಯಾ?"

ಅವಳು ಹೋಗಲಿಲ್ಲ. ಮಾತನ್ನೂ ಬಿಟ್ಟಳು. ಹೊಲಿಗೆ ಯಂತ್ರ ಮಾತ್ರ ಮೊದಲಿಗಿಂತ ಜೋರಾಗಿ ಓಡತೊಡಗಿತು. ನಿಜ ಹೇಳಬೇಕೆಂದರೆ ವಾಲ್ವಣ್ಣನಿಗೂ ಮಗುವನ್ನು ನೋಡುವ ಆಸೆ ಬೇಕಾದಷ್ಟಿತ್ತು. ಬೀಗರು ಬೇರೆ ಫೋನು ಮಾಡಿ, "ಊರಿನ ಇಂಟರ್ನೆಟ್ಟೇ ನಿಮ್ಮ ಕೈಲಿದೆಯಂತೆ, ಮೊಮ್ಮಗನ ಮುಖ ನೋಡೋಕೆ ಪುರುಸೊತ್ತಿಲ್ಲವಾ?" ಎಂದರು. ವಾಲ್ವಣ್ಣ ಅಧಿಕಾರದ ಕಷ್ಟವನ್ನು ಅವರಿಗೆ ವಿವರಿಸಲು ಹೋಗಿ ಅರ್ಧಕ್ಕೇ ಫೋನು ಇಟ್ಟ.

ಅತ್ತ ಇಂಟರ್ನೆಟ್ ಕಚೇರಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ಅಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಪರದೆ. ಯಾವ ಹಳ್ಳಿ ಎಷ್ಟು ಬಳಸುತ್ತಿದೆ ಎಂಬುದು ಗೆರೆಗಳಾಗಿ ಅದರಲ್ಲಿ ಕಾಣುತ್ತದೆ. ಮಿಕ್ಕ ಹಳ್ಳಿಗಳ ಗೆರೆಗಳೆಲ್ಲ ನೆಲಕಚ್ಚಿ ಮಲಗಿದ್ದವು. ಒಂದೇ ಒಂದು ಹಳ್ಳಿಯ ಗೆರೆ ಮಾತ್ರ ದಿನಕ್ಕೆ ನಾಲ್ಕು ಸಲ ಸೂರಿಗೆ ನೆಗೆದು ನೆಗೆದು ಇಳಿಯುತ್ತಿತ್ತು. ಹಳ್ಳಿಗಳಿಗೆ ಇಂಟರ್ನೆಟ್ ಕೊಟ್ಟು ಏನು ಸಾಧಿಸಿದಿರಿ ಎಂದು ಮೇಲಿನವರಿಂದ ಬೈಸಿಕೊಂಡಿದ್ದ ದೊಡ್ಡ ಸಾಹೇಬರು ಆ ಗೆರೆಯನ್ನು ನೋಡಿ ಕಣ್ಣೊರೆಸಿಕೊಂಡರು. ಅದೇ ದಿನ ಮೇಲಿನವರಿಗೆ, ಈ ಊರಿನಲ್ಲಿ ಒಂದು ಹೊಸ ಪದ್ಧತಿ ಹುಟ್ಟಿದೆ, ಅಧ್ಯಯನಕ್ಕೆ ಹೋಗುತ್ತಿದ್ದೇನೆ ಎಂದು ತಿಳಿಸಿಯೂಬಿಟ್ಟರು.

ಒಂದು ಬೆಳಿಗ್ಗೆ ಜೀಪು ಬಂತು. ಇಸ್ತ್ರಿ ಮಾಡಿದ ಅಂಗಿಯ ಸಾಹೇಬರು, ಹಿಂದೆ ಕ್ಯಾಮೆರಾದವನು, ಅವನ ಹಿಂದೆ ನಮ್ಮ ಹಳದಿ ಹೆಲ್ಮೆಟ್ಟಿನ ಇಂಜಿನಿಯರಮ್ಮ. ಊರು ಪಂಪ್‌ಹೌಸಿನ ಸುತ್ತ ಸೇರಿತು.

"ಈ ಊರಲ್ಲಿ ಏನೋ ಒಂದು ವ್ಯವಸ್ಥೆ ಇದೆ. ಅದನ್ನ ನಾನು ನೋಡಬೇಕು," ಎಂದರು ಸಾಹೇಬರು.

"ಸರದಿ ಸಾರ್," ಎಂದ ವಾಲ್ವಣ್ಣ. ಎದೆಯುಬ್ಬಿಸಿ ಎಲ್ಲವನ್ನೂ ಹೇಳಿದ. ತುಂಬಿಸುವುದು, ಹಳೆಯದನ್ನು ಹರಿಸುವುದು, ಫ್ಯಾನು, ಎಲ್ಲ. ಸಾಹೇಬರು ತಲೆದೂಗುತ್ತಲೇ ಇದ್ದರು. ಇಂಜಿನಿಯರಮ್ಮ ಒಳಗೆ ಹೋಗಿ, ಮೊಳೆಗೆ ನೇತುಬಿದ್ದ ಮೂರು ತಂತಿಗಳನ್ನು ನೋಡಿದರು.

"ಇವನ್ನ ಯಾರು ಕಿತ್ತಿದ್ದು?"

"ನಾನೇ ಮೇಡಂ. ದಿನಾ ಕೀಳ್ತೀನಿ."

"ಯಾಕೆ?"

"ಒತ್ತಡ ಇಳಿಯಬಾರದಲ್ಲ ಮೇಡಂ."

ಆಕೆ ಮೂರುಕಾಲಿನ ಸ್ಟೂಲಿನ ಮೇಲೆ ನಿಧಾನವಾಗಿ ಕೂತರು. ಆಮೇಲೆ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ಮೆತ್ತಗೆ ಹೇಳಿದರು.

"ನಾಲ್ಕನ್ನೂ ಹಾಕಿಟ್ಟು ಬಾಗಿಲು ಹಾಕ್ಕೊಂಡು ಹೋಗೋದು, ಅಷ್ಟೇ ಇದ್ದದ್ದು ನಿಮ್ಮ ಕೆಲಸ."

"ಎಷ್ಟು ಹೊತ್ತು ಮೇಡಂ?"

"ಯಾವಾಗಲೂ."

"ಖಾಲಿ ಆದರೆ?"

"ಅದು ಖಾಲಿ ಆಗಲ್ಲ."

ವಾಲ್ವಣ್ಣ ಬಹಳ ಕೇಳಿದ್ದ, ಬಹಳ ನೋಡಿದ್ದ. ಖಾಲಿಯಾಗದ ಪದಾರ್ಥವೊಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕಣ್ಣ ಮುಂದೆ ಹೊಲಿಗೆ ಯಂತ್ರ ಬಂತು, ಅದರ ಮುಂದೆ ಬಗ್ಗಿದ ಬೆನ್ನು ಬಂತು, ಹಳದಿ ಬಾತುಕೋಳಿಗಳು ಸಾಲಾಗಿ ಬಂದವು. ಎಂಥ ಕೆಲಸ ಮಾಡಿಬಿಟ್ಟೆ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

ಸಾಹೇಬರಿಗೂ ಈ ಮಾತು ಕೇಳಿಸಿತ್ತು. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೆ ಅವರು ಸುಮ್ಮನೆ ದೊಡ್ಡ ಸಾಹೇಬರಾದವರಲ್ಲ.

"ನೀವು ಸುಮ್ಮನಿರಿ ಮೇಡಂ," ಎಂದರು. "ಖಾಲಿ ಆಗದೇ ಇರೋದನ್ನೇ ಇಷ್ಟು ಶಿಸ್ತಾಗಿ ಹಂಚಿದಾರೆ. ಖಾಲಿ ಆಗೋದನ್ನ ಇನ್ನೆಷ್ಟು ಶಿಸ್ತಾಗಿ ಹಂಚಬಹುದು, ಅದನ್ನ ಯೋಚನೆ ಮಾಡಿ." ವಾಲ್ವಣ್ಣನ ಕಡೆ ತಿರುಗಿದರು. "ನಡೀರಿ, ಕ್ಯಾಮೆರಾ ರೆಡಿ ಇದೆ. ನಿಮ್ಮ ಪದ್ಧತಿ ಪ್ರಕಾರ ಯಾವುದಾದರೂ ಒಂದು ಬೀದಿಗೆ ಬಿಟ್ಟು ತೋರಿಸಿ."

ಮೇಲಿನ ಬೀದಿಯ ತಂತಿ ಆಗಲೇ ಪೆಟ್ಟಿಗೆಯಲ್ಲಿತ್ತು. ವಾಲ್ವಣ್ಣ ಮೊಳೆಯಿಂದ ಕೊನೆ ಬೀದಿಯದನ್ನು ತೆಗೆದ. ಹೊರಗಿನಿಂದ ಮೇಲಿನ ಬೀದಿಯವರ ಕೂಗು ಎದ್ದಿತು. "ಏಯ್ ವಾಲ್ವಣ್ಣ, ಈಗ ನಮ್ಮ ಸರದಿ. ಅದನ್ನ ಯಾಕೆ ಮುಟ್ತೀಯ?"

ವಾಲ್ವಣ್ಣ ಅದನ್ನೂ ಸಿಕ್ಕಿಸಿದ.

"ನಿಂತುಹೋಯ್ತಾ?" ಎಂದು ಗುಮಾಸ್ತರು ಬೀದಿಯ ಕಡೆಗೆ ಕೂಗಿ ಕೇಳಿದರು. ಮೇಲಿನ ಬೀದಿಯ ಮೊದಲ ಮನೆಯ ಕಿಟಕಿಯಿಂದ ಒಬ್ಬ ತಲೆ ಹೊರಗೆ ಹಾಕಿ, "ಇಲ್ಲ, ಓಡ್ತಿದೆ. ಹೀರೋ ಈಗ ತಾನೇ ಬಾವಿಗೆ ಬಿದ್ದ," ಎಂದ. ವಾಲ್ವಣ್ಣ ಶಾಲೆ ಬೀದಿಯದನ್ನೂ ಅಂಗಡಿ ಬೀದಿಯದನ್ನೂ ಸಿಕ್ಕಿಸಿದ. ಕಿಟಕಿಯವನು ಮತ್ತೆ ತಲೆ ಹಾಕಿ, "ಮೇಲೆ ಬಂದ," ಎಂದ. ನಾಲ್ಕು ಹಸಿರು ದೀಪ ಒಟ್ಟಿಗೆ ಉರಿಯುವುದನ್ನು ವಾಲ್ವಣ್ಣ ಅವತ್ತೇ ಮೊದಲು ನೋಡಿದ್ದು.

ಅವನು ಹೊರಗೆ ಓಡಿಬಂದು, ಕೊನೆ ಬೀದಿಯ ಕಡೆ ಮುಖ ಮಾಡಿ ವಿಷಲ್ ಊದಿದ. ಉದ್ದಕ್ಕೆ ಎರಡು ಸಲ. ಅದು ಕೊನೆ ಬೀದಿಯ ಗುರುತು. ಬೆಳಗಿನ ಹೊತ್ತಿನಲ್ಲಿ ಆ ಊರು ಅದನ್ನು ಕೇಳಿಯೇ ಇರಲಿಲ್ಲ. ಸಾಲದೆಂದು ಇನ್ನೆರಡು ಸಲ ಊದಿದ. ಊದುತ್ತಲೇ ಮನೆಯ ಕಡೆ ಓಡಿದ. ಅವನ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಕ್ಯಾಮೆರಾ, ಕ್ಯಾಮೆರಾ ಹಿಂದೆ ಊರು ಓಡಿತು. ಮೂಲೆಮನೆ ಅಜ್ಜಿ ಬಿಂದಿಗೆ ಹಿಡಿದು ಎದುರಿಗೆ ಓಡಿಬಂದು, ಇಷ್ಟು ಜನವನ್ನು ನೋಡಿ ಇವರೆಲ್ಲರೂ ನೀರಿಗೇ ಬಂದರೆಂದು ತಿಳಿದು ವಾಪಸ್ಸು ಹೋಗಿ ತನ್ನ ಮನೆ ಬಾಗಿಲಲ್ಲಿ ಅಡ್ಡ ನಿಂತಳು.

ವಾಲ್ವಣ್ಣನ ಹೆಂಡತಿ ವಿಷಲ್ ಕೇಳಿ, ಯಾಕೆ ಏನು ಎಂದು ಒಂದು ಗಳಿಗೆಯನ್ನೂ ಹಾಳುಮಾಡಿರಲಿಲ್ಲ. ಇವರು ಹೊಸಿಲು ತಲುಪುವಷ್ಟರಲ್ಲಿ ಅವಳ ಫೋನು ಹೊಲಿಗೆ ಯಂತ್ರಕ್ಕೆ ಒರಗಿ ನಿಂತಿತ್ತು, ಅವಳು ಅದರ ಮುಂದೆ ಎರಡು ಕೈಯನ್ನೂ ಕೆನ್ನೆಗಿಟ್ಟುಕೊಂಡು ಕೂತಿದ್ದಳು. ಸ್ನಾನ ಮುಗಿದ ಮಗುವಿನ ಬಾಯಿಂದ ಏನೋ ಒಂದು ಸದ್ದು ಬಂತು.

"ನೋಡ್ತಿದಾನೆ," ಎಂದಳು ಅವಳು, ಯಾರಿಗೆಂದಿಲ್ಲದೆ. "ನನ್ನನ್ನೇ ನೋಡ್ತಿದಾನೆ."

ಕ್ಯಾಮೆರಾ ಒಳಗೆ ಬಂತು. ಸಾಹೇಬರು ಅಂಗಿ ಸರಿಮಾಡಿಕೊಂಡು, "ಏನಮ್ಮ, ಈ ಸರದಿ ಪದ್ಧತಿಯಿಂದ ನಿಮಗೇನು ಅನುಕೂಲ ಆಯ್ತು, ಹೇಳಿ," ಎಂದರು.

ಅವಳು ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇಂಜಿನಿಯರಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ.

"ಅಮ್ಮ, ಇದು ಮೊದಲ ದಿನದಿಂದಲೂ ಬೆಳಿಗ್ಗೆ ಸಂಜೆ ಯಾವಾಗಲೂ ಬರೋದು. ಯಾರಿಗೂ ಸರದಿ ಬೇಕೇ ಇರಲಿಲ್ಲ."

ವಾಲ್ವಣ್ಣ ತಲೆ ತಗ್ಗಿಸಿಕೊಂಡು ನಿಂತ. ಫೋನಿನಲ್ಲಿ ಪಟ್ಟಣದ ಕಡೆಯಿಂದ ಬೀಗರ ದನಿ, "ಏನಂದ್ರು? ಇನ್ನೊಂದು ಸಲ ಹೇಳಿ," ಎಂದು ಕೇಳಿಸಿತು. ಮಗು ಮತ್ತೆ ಸದ್ದು ಮಾಡಿತು. ವಾಲ್ವಣ್ಣನಿಗೆ ಇನ್ನು ತಡೆದುಕೊಳ್ಳುವುದು ಸಾಧ್ಯವಾಗದೆ, ಮೆಲ್ಲಗೆ ಹೆಂಡತಿಯ ಹಿಂದೆ ಹೋಗಿ ಕತ್ತು ಚಾಚಿದ.

ಅವಳು ಫೋನನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಎಲ್ಲಿಗೆ ಬಂದ್ರಿ?"

"ಒಂದು ಸಲ ಕಣೇ. ಮುಖ ನೋಡ್ತೀನಿ."

"ಈಗ ಬೆಳಿಗ್ಗೆ. ಬೆಳಿಗ್ಗೆ ನನ್ನ ಸರದಿ."

"ನನ್ನದು?"

"ನಿಮ್ಮದು ಸಂಜೆ."

"ಸಂಜೆ ಅವನು ಮಲಗಿರ್ತಾನಲ್ಲೇ."

"ಹೌದು," ಎಂದಳು ಅವಳು. ಕೈ ಚಾಚಿ ಅವನ ಕೊರಳಿನಿಂದ ವಿಷಲ್ಲನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. "ನೀರು ಬಿಡೋವಾಗ ಬಂದು ಕೇಳಿ, ಕೊಡ್ತೀನಿ."

ಸಾಹೇಬರು ಹಿಗ್ಗಿಹೋಗಿ ಕ್ಯಾಮೆರಾದವನ ಬೆನ್ನು ತಟ್ಟಿದರು. "ಇದನ್ನ ತಗೊಂಡೆಯಾ? ಪದ್ಧತಿ ಮನೆಯೊಳಗೂ ಬಂದುಬಿಟ್ಟಿದೆ."

ಪೆಟ್ಟಿಗೆಯ ನಾಲ್ಕು ತಂತಿಗಳನ್ನೂ ಆಮೇಲೆ ಯಾರೂ ಕೀಳಲಿಲ್ಲ. ಅಂಗಡಿಯವನ ಫ್ಯಾನು ಈಗಲೂ ಗುಮಾಸ್ತರ ಮನೆ ಕಡೆಗೇ ಊದುತ್ತಿದೆ, ಗುಮಾಸ್ತರು ತೆಗೆಯಲು ಬಿಟ್ಟಿಲ್ಲ. ಸಾಹೇಬರ ಕಚೇರಿಯಿಂದ ಬೇರೆ ಹಳ್ಳಿಗಳಿಗೆ ವಿಷಲ್‌ಗಳು ಹೋಗುತ್ತಿವೆ ಎಂದು ಸುದ್ದಿ. ಬೀಗರು ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿ, ಕೊನೆಗೆ, "ನಮ್ಮದಕ್ಕೆ ರೈಲು ಹೊರಡ್ತಿತ್ತು," ಎಂದು ಮುಗಿಸುತ್ತಾರಂತೆ.

ವಾಲ್ವಣ್ಣ ಮಾತ್ರ ಪ್ರತಿ ಸಂಜೆ ಕೈಕಾಲು ತೊಳೆದು, ತಲೆ ಬಾಚಿ, ಹೊಲಿಗೆ ಯಂತ್ರದ ಮುಂದೆ ಬಂದು ಕೂರುತ್ತಾನೆ. ಫೋನಿನಲ್ಲಿ ಹಳದಿ ಬಾತುಕೋಳಿಗಳು ಸಾಲಾಗಿ ಕಾಣುತ್ತವೆ. ಅವುಗಳ ಕೆಳಗೆ ಎಲ್ಲೋ ಮೊಮ್ಮಗ ಉಸಿರಾಡುತ್ತಿರುತ್ತಾನೆ. ವಾಲ್ವಣ್ಣ ರೆಪ್ಪೆ ಬಡಿಯದೆ ನೋಡುತ್ತಾನೆ. ನಿನ್ನೆ ಸಂಜೆ ಮೂರನೆಯ ಸಾಲಿನ ಒಂದು ಬಾತುಕೋಳಿ ಸ್ವಲ್ಪ ಮೇಲೆದ್ದು ಮತ್ತೆ ಮಲಗಿತು.

"ಕದಲಿತು ಕಣೇ," ಎಂದು ಅವನು ಅಡುಗೆಮನೆಯ ಕಡೆಗೆ ಪಿಸುಗುಟ್ಟಿದ. "ಕಾಲೋ ಕೈಯೋ ಗೊತ್ತಾಗಲಿಲ್ಲ. ಏನೋ ಒಂದು ಕದಲಿತು. ಇನ್ನು ಸ್ವಲ್ಪ ಹೊತ್ತು ಇದ್ದರೆ ಮುಖವೇ ಕಾಣುತ್ತೇನೋ."

ಅಡುಗೆಮನೆಯಿಂದ ವಿಷಲ್ ಕೇಳಿಸಿತು, ಉದ್ದಕ್ಕೆ ಎರಡು ಸಲ. ಸರದಿ ಮುಗಿದಿತ್ತು. ವಾಲ್ವಣ್ಣ ಫೋನು ಕೆಳಗಿಟ್ಟ.